ಪೂರ್ವಪಕ್ಷವಿಲ್ಲದ ಸಿದ್ಧಾಂತ

ನೀತಿವಿಚಾರವೆಂಬುದು ವಿಶ್ವವಿದ್ಯಾನಿಲಯದ ಪಾಠದ ಕೋಣೆಯಲ್ಲಿ ಹುಟ್ಟಿ ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಮುಗಿಯತಕ್ಕ ವಿದ್ಯೆಯೆಂದು ನಂಬಿದವರು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಮತ್ತು ಚಳ್ಳಕೆರೆ ತಾಲ್ಲೂಕುಗಳ ಭೂಪಟವನ್ನೊಮ್ಮೆ ಎದುರಿಗಿಟ್ಟುಕೊಳ್ಳುವುದು ಒಳ್ಳೆಯದು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ನೆಲೆಗಳಲ್ಲಿ, ಕರ್ನಾಟಕದ ಅತಿ ಪ್ರಾಚೀನ ಲಿಖಿತಗಳ ಸಾಲಿಗೆ ಸೇರಿದ ಅಶೋಕನ ಶಾಸನಗಳು ಬಂಡೆಯ ಮೈಮೇಲೆ ಉಳಿದುಬಂದಿವೆ. 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದ ಈ ಶಾಸನಗಳು, ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಅಲ್ಲಿನ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕುಶಲಪ್ರಶ್ನೆಯೊಡನೆ ಕಳುಹಿದ ಆಜ್ಞೆಯ ರೂಪದಲ್ಲಿವೆ. ತಾಯಿತಂದೆಯರಿಗೂ ಹಿರಿಯರಿಗೂ ವಿಧೇಯರಾಗಿರತಕ್ಕದ್ದು, ಪ್ರಾಣಿಗಳ ವಿಷಯದಲ್ಲಿ ದಯೆಯನ್ನು ದೃಢಪಡಿಸಿಕೊಳ್ಳತಕ್ಕದ್ದು, ಸತ್ಯವನ್ನು ನುಡಿಯತಕ್ಕದ್ದು, ಶಿಷ್ಯನಾದವನು ಆಚಾರ್ಯನನ್ನು ಗೌರವಿಸತಕ್ಕದ್ದು, ಬಂಧುಗಳೊಡನೆ ತಕ್ಕ ರೀತಿಯಲ್ಲಿ ನಡೆದುಕೊಳ್ಳತಕ್ಕದ್ದು ಎಂಬಿಷ್ಟು ಅದರ ತಾತ್ಪರ್ಯ. ಇದೇ ಪುರಾತನವಾದ ನಡವಳಿಕೆ, ಇದೇ ದೀರ್ಘಾಯುಷ್ಯಕ್ಕೆ ಹೇತು ಎಂಬುದು ಅದಕ್ಕೆ ಕೊಟ್ಟ ಸಮರ್ಥನೆ. ನಮ್ಮ ಸೀಮೆಗೆ ಬಂದ ಲಿಖಿತವಾದ ಮೊದಲ ನೀತಿಬೋಧೆಯು ಮೇಲಧಿಕಾರಿಗಳಿಂದ ಕೆಳಗಿನವರಿಗೆ ಇಳಿದುಬಂದ ಸುತ್ತೋಲೆಯಾಗಿತ್ತೆಂಬುದನ್ನು ಸರ್ಕಾರಿ ನೌಕರರು ಬೇಕಾದರೆ ಅಭಿಮಾನದಿಂದ ನೆನೆಯಬಹುದು.

ಅಲ್ಲಿಂದ ದಕ್ಷಿಣಕ್ಕೆ, ಚಳ್ಳಕೆರೆ ತಾಲ್ಲೂಕಿನ ಕಾವಲುಗಳಲ್ಲಿ, ನಮ್ಮ ಕಾಲದ ನೀತಿವಿವಾದವೊಂದು ಗೋಡೆಯಾಗಿ ಎದ್ದು ನಿಂತಿದೆ. ಆ ವಿವಾದವನ್ನು ತೂಗಿ ನೋಡುವುದೇ ಪ್ರಕೃತ ಲೇಖನದ ಉದ್ದೇಶ. ಆದರೆ ತೂಗುವುದಕ್ಕೆ ಮುಂಚೆ ತಕ್ಕಡಿಯನ್ನೇ ಪರೀಕ್ಷಿಸಬೇಕಾಗಿದೆ.

ಶಾಸನದ ನೀತಿಯು ಕರ್ತವ್ಯಗಳ ನೀತಿ. ಅದರ ಮೇಲೆ ಮೊತ್ತಮೊದಲು ಬರತಕ್ಕ ಆಕ್ಷೇಪವೆಂದರೆ, ಎರಡು ಕರ್ತವ್ಯಗಳು ಒಂದಕ್ಕೊಂದು ಅಡ್ಡಬಂದಾಗ ಯಾವುದನ್ನು ಬಿಡಬೇಕೆಂಬುದನ್ನು ಅದು ಹೇಳುವುದಿಲ್ಲ. ಸತ್ಯ ನುಡಿದರೆ ಒಂದು ಪ್ರಾಣಿಯ ಜೀವ ಹೋಗುವುದಾದರೆ ಏನು ಮಾಡಬೇಕು? ತಂದೆಯ ಮಾತೇ ನಿರ್ದಯವಾಗಿದ್ದರೆ ಮಗನ ಗತಿಯೇನು? 1797ರಲ್ಲಿ ಇಮ್ಯಾನುಯೆಲ್ ಕಾಂಟನು, ಕೊಲೆಗಡುಕನು ಮನೆಬಾಗಿಲಿಗೆ ಬಂದು ನಿನ್ನ ಸ್ನೇಹಿತನು ಎಲ್ಲಿರುವನೆಂದು ಕೇಳಿದರೂ ಸುಳ್ಳಾಡಲಾಗದೆಂದು ವಾದಿಸಿ, ಅಂದಿನಿಂದ ಇಂದಿನವರೆಗೂ ಟೀಕೆಗೆ ಗುರಿಯಾಗಿದ್ದಾನೆ. ಕನ್ನಡಿಗರಾದ ನಮಗೆ ಆ ಜರ್ಮನ್ ಪಂಡಿತನಿಗಿಂತ ಮುಂಚೆಯೇ ಪುಣ್ಯಕೋಟಿಯ ಪರಿಚಯವಾಗಿರುತ್ತದೆ. ಕೊಟ್ಟ ಮಾತಿಗಾಗಿ ಹಸುವು ಹುಲಿಯ ಬಾಯಿಗೆ ಹಿಂದಿರುಗಿದ ಕಥೆಯನ್ನು ಕೇಳಿ ಕಣ್ಣೊರಸಿಕೊಳ್ಳದ ಮಗುವಿಲ್ಲ. ಆದರೆ ವಯಸ್ಸಾದ ಮೇಲೆ ಮತ್ತೊಮ್ಮೆ ಯೋಚಿಸಿದರೆ, ಕರುವಿನ ಪಾಲಿನ ನ್ಯಾಯವೇನು ಎಂಬ ಪ್ರಶ್ನೆ ಏಳುತ್ತದೆ: ತಾಯಿಯ ಸತ್ಯವ್ರತಕ್ಕೆ ಬೆಲೆ ತೆರಬೇಕಾದದ್ದು ಆ ಎಳೆಯ ಜೀವವಲ್ಲವೆ? ಕಥೆಯು ಈ ಆಕ್ಷೇಪದಿಂದ ಪಾರಾಗುವುದು ಹುಲಿಯ ಮನಸ್ಸು ಕರಗಿದ್ದರಿಂದ. ಕರ್ತವ್ಯನೀತಿಯ ಗೌರವವು ಹೀಗೆ ಎದುರಾಳಿಯ ಅಂತಃಕರಣದ ಮೇಲೆ ನಿಂತಿದ್ದರೆ, ಅಂತಃಕರಣವಿಲ್ಲದ ಕಡತಗಳ ಎದುರಿಗೆ ಅದು ಎಷ್ಟರಮಟ್ಟಿಗೆ ನಿಂತೀತೆಂಬ ಸಂಶಯ ಸಹಜವೇ.

ಇನ್ನೊಂದು ತೊಡಕೂ ಉಂಟು. ಪ್ರಾಣಿದಯೆಯನ್ನು ವಿಧಿಸಿದ ಬಂಡೆಗಳಿರುವ ಅದೇ ತಾಲ್ಲೂಕು ರೇಷ್ಮೆ ಸೀರೆಗೆ ಹೆಸರಾದದ್ದು. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ಎಳೆ ತೆಗೆಯುವಾಗ ಒಳಗಿನ ಹುಳು ಉಳಿಯುವುದಿಲ್ಲ. ಆಜ್ಞೆಯನ್ನು ಅಕ್ಷರಶಃ ಹಿಡಿದರೆ ಮೊಳಕಾಲ್ಮೂರಿನ ನೇಕಾರನು ಅಪರಾಧಿಯಾಗುತ್ತಾನೆ. ಹಿಡಿಯದೆ ಬಿಟ್ಟರೆ ಆಜ್ಞೆಗೆ ಅರ್ಥ ಉಳಿಯುವುದಿಲ್ಲ. ಲಕ್ಷಣವು ಸಲ್ಲಬಾರದ ಕಡೆಗೂ ಹರಿದುಹೋಗುವುದನ್ನು ನಮ್ಮ ತಾರ್ಕಿಕರು ಅತಿವ್ಯಾಪ್ತಿಯೆಂದೂ, ಸಲ್ಲಬೇಕಾದ ಕಡೆಗೆ ತಲುಪದಿರುವುದನ್ನು ಅವ್ಯಾಪ್ತಿಯೆಂದೂ ಕರೆದರು. ನೀತಿಸಿದ್ಧಾಂತಗಳ ಮೇಲೆ ಈವರೆಗೆ ಬಂದಿರುವ ಆಕ್ಷೇಪಗಳಲ್ಲಿ ಬಹುಪಾಲನ್ನು ಈ ಎರಡು ದೋಷಗಳಲ್ಲಿ ಒಂದರ ಕೆಳಗೆ ತರಬಹುದೆಂದು ನನಗೆ ತೋರುತ್ತದೆ. ಚಳ್ಳಕೆರೆಯ ಕಾವಲಿನಲ್ಲಿ ಎರಡೂ ದೋಷಗಳನ್ನು ಕಣ್ಣಾರೆ ಕಾಣಬಹುದು.

ಕಾವಲೆಂದರೆ ದನಗಳ ಮೇವಿಗಾಗಿ ಕಾದಿರಿಸಿದ ಹುಲ್ಲುಗಾವಲು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯು ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದು, ತೋಪುಗಳನ್ನೆಳೆಯುವ ಎತ್ತುಗಳ ತಳಿಯನ್ನು ಈ ಕಾವಲುಗಳಲ್ಲಿ ಬೆಳೆಸಿತು. ತೋಪುಗಳ ಕಾಲ ಹೋಯಿತು, ಹುಲ್ಲು ಉಳಿಯಿತು. ರಾಜ್ಯದಲ್ಲಿಯೇ ಅತ್ಯಂತ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದಾದ ಚಳ್ಳಕೆರೆಯಲ್ಲಿ, ಬೆಳೆ ಕೈಕೊಟ್ಟ ವರ್ಷವೂ ಕುರಿಯನ್ನು ಕೈಬಿಡದ ನೆಲ ಇದೊಂದೇ. ಕೃಷ್ಣಮೃಗಗಳು ಇಲ್ಲಿ ಮೇಯುತ್ತವೆ. ಎರೆಭೂತವೆಂಬ ಅಪರೂಪದ ದೊಡ್ಡ ಹಕ್ಕಿಯ ನೆಲೆಯೆಂದೂ ಈ ಬಯಲಿಗೆ ಹೆಸರಿತ್ತು. 2009ರಿಂದೀಚೆಗೆ ಕೆಲವೇ ವರ್ಷಗಳೊಳಗೆ ವರವು ಕಾವಲು, ಕುದಾಪುರ, ಉಳ್ಳಾರ್ತಿಗಳ ಕಡೆಯ ಸುಮಾರು 10,000 ಎಕರೆ ಕಾವಲು ಬೇರೆ ಬೇರೆ ಸಂಸ್ಥೆಗಳ ಪಾಲಾಯಿತು. ರಕ್ಷಣಾ ಸಂಶೋಧನೆಯ ಡಿಆರ್‌ಡಿಓಗೆ 4,290 ಎಕರೆ, ಭಾಭಾ ಅಣುಸಂಶೋಧನಾ ಕೇಂದ್ರಕ್ಕೆ 1,810 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಖಾಸಗಿ ಸೌರವಿದ್ಯುತ್ ಕಂಪನಿಯೊಂದಕ್ಕೆ 1,250 ಎಕರೆ, ಇಸ್ರೋಗೆ 573 ಎಕರೆ. ಗೋಡೆಗಳು ಮೇಲೇಳತೊಡಗಿದ ಮೇಲೆಯೇ ತಮಗೆ ವಿಷಯ ತಿಳಿದದ್ದೆಂಬುದು ಸುತ್ತಣ ಹಳ್ಳಿಗಳವರ ದೂರು.

ಈ ಹಂಚಿಕೆಯನ್ನು ಸಮರ್ಥಿಸುವವರ ವಾದವನ್ನು ಅದರ ಪೂರ್ಣಬಲದೊಡನೆ ಹೇಳದೆ ಖಂಡಿಸಹೊರಡುವುದು ನ್ಯಾಯವಲ್ಲ. 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾದ ಇಲ್ಲಿನ ವೈಮಾನಿಕ ಪರೀಕ್ಷಾಂಗಣವು ಚಾಲಕರಹಿತ ವಿಮಾನಗಳ ಪ್ರಯೋಗಕ್ಕೆ ನೆಲೆಯಾಯಿತು. 2023ರ ಏಪ್ರಿಲ್ 2ರಂದು ಇಸ್ರೋ ತನ್ನ ಮರುಬಳಕೆಯ ಉಡ್ಡಯನ ವಾಹನದ ಮಾದರಿಯನ್ನು ಹೆಲಿಕಾಪ್ಟರಿನಿಂದ ಬಿಟ್ಟು ತಾನೇ ತಾನಾಗಿ ಇಳಿಯುವಂತೆ ಮಾಡಿದ್ದು ಇದೇ ಓಡುದಾರಿಯ ಮೇಲೆ. ಚಂದ್ರಯಾನದ ಇಳಿಯುವ ನೌಕೆಯ ಸಂವೇದಕಗಳನ್ನು ಪರೀಕ್ಷಿಸಲು ಚಂದ್ರನ ಮೇಲಿನಂಥ ಕುಳಿಗಳನ್ನು ತೋಡಿದ್ದು ಉಳ್ಳಾರ್ತಿಯ ನೆಲದಲ್ಲಿ. ವಿಜ್ಞಾನ ಸಂಸ್ಥೆಯ ಕುದಾಪುರದ ಆವರಣದಲ್ಲಿ ಶಾಲಾ ಕಾಲೇಜುಗಳ ವಿಜ್ಞಾನ ಅಧ್ಯಾಪಕರು ಪ್ರಯೋಗಗಳನ್ನು ಕೈಯಾರೆ ಮಾಡಿ ಕಲಿತು ಹೋಗುತ್ತಿದ್ದಾರೆ. ನೂರು ಕೋಟಿಗೂ ಮೀರಿದ ಜನರ ರಕ್ಷಣೆ, ವಿದ್ಯೆ, ವಿದ್ಯುತ್ತುಗಳನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು ಕೆಲವು ಸಾವಿರ ಕುರಿಗಾಹಿಗಳ ಅನನುಕೂಲವನ್ನು ಇನ್ನೊಂದರಲ್ಲಿಟ್ಟರೆ ತಕ್ಕಡಿ ಎತ್ತ ವಾಲುವುದೆಂಬುದಕ್ಕೆ ಪಾಂಡಿತ್ಯ ಬೇಕಿಲ್ಲ ಎನ್ನುತ್ತಾರೆ ಅವರು. ಬಹುಜನರ ಹಿತವೇ ಧರ್ಮದ ಅಳತೆಗೋಲೆಂಬ ಈ ಲೋಕಹಿತವಾದವನ್ನು ಇಂಗ್ಲೆಂಡಿನ ಬೆಂಥಾಮನೂ ಮಿಲ್ಲನೂ ಶಾಸ್ತ್ರದ ಮಟ್ಟಕ್ಕೇರಿಸಿದರು. ನಮ್ಮ ಜಿಲ್ಲಾ ಕಚೇರಿಗಳು ಅವರಿಬ್ಬರ ಹೆಸರನ್ನೆತ್ತದೆಯೇ ನಿತ್ಯವೂ ಅದನ್ನು ಆಚರಿಸುತ್ತಿವೆ.

ಇದರ ಮೇಲಣ ಮೊದಲ ಆಕ್ಷೇಪವು ಲೆಕ್ಕದ ಅವ್ಯಾಪ್ತಿ. ಕಾವಲಿನ ಹುಲ್ಲು ಹುಲ್ಲಾಗಿಯೇ ನಿಲ್ಲುವುದಿಲ್ಲ. ಅದು ಕುರಿಯ ಮೈಮೇಲೆ ಉಣ್ಣೆಯಾಗುತ್ತದೆ. ಆ ಉಣ್ಣೆಯನ್ನು ಕತ್ತರಿಸಿ, ಹಿಂಜಿ, ಮನೆಯ ಹೆಂಗಸರು ನೂಲು ತೆಗೆಯುತ್ತಾರೆ. ಹುಣಸೆಬೀಜವನ್ನು ಬೀಸಿ ಬೇಯಿಸಿದ ಗಂಜಿಯನ್ನು ಹಾಸುನೂಲಿಗೆ ಹಚ್ಚಿ, ಬೀದಿಯುದ್ದಕ್ಕೂ ಚಾಚಿ, ಕುಂಚದಿಂದ ತೀಡಿ ಒಣಗಿಸಿದ ಬಳಿಕ, ಮನೆಯ ಯಜಮಾನನು ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತು ಕಂಬಳಿ ನೇಯುತ್ತಾನೆ. ಮಡಿಸಿಟ್ಟ ಆ ಕಂಬಳಿ ಸಂತೆಗೆ ಹೋಗಿ, ಮಕ್ಕಳ ಶಾಲೆಯ ಖರ್ಚೂ ಅಂಗಡಿಯ ಸಾಲವೂ ಆಗಿ ಮನೆಗೆ ಮರಳುತ್ತದೆ. ಕುರಿಯ ಗೊಬ್ಬರವು ಶೇಂಗಾದ ಹೊಲಕ್ಕೆ ಬೀಳುತ್ತದೆ. ಚಳ್ಳಕೆರೆಯ ಎಣ್ಣೆ ಗಿರಣಿಗಳಿಗೂ ಆ ಗೊಬ್ಬರಕ್ಕೂ ಇರುವ ನಂಟು ತೀರ ದೂರದ್ದಲ್ಲ. ಇಷ್ಟು ಉದ್ದದ ಸರಪಳಿಯ ಒಂದು ಕೊಂಡಿಯಾದರೂ ಪಹಣಿಯಲ್ಲಿ ಕಾಣುವುದಿಲ್ಲ: ಅಲ್ಲಿರುವುದು ಸರ್ಕಾರಿ ಕಾವಲು ಎಂಬ ಒಂದು ನಮೂದು ಮಾತ್ರ. ಮಾಲೀಕನು ಸರ್ಕಾರವೇ ಆದಕಾರಣ ಭೂಮಿ ಕಳೆದುಕೊಂಡವನು ಯಾವನೂ ಇಲ್ಲ. ಕಳೆದುಕೊಂಡವನಿಲ್ಲವಾದ ಕಾರಣ ಪರಿಹಾರವಿಲ್ಲ. ಪರಿಹಾರವಿಲ್ಲದ್ದರಿಂದ ನಷ್ಟವೂ ಇಲ್ಲ ಎಂಬ ತರ್ಕಕ್ಕೆ ಬೆಂಥಾಮನ ಹೆಸರು ಹೇಳುವುದು ಅವನಿಗೆ ಮಾಡುವ ಅನ್ಯಾಯ. ಪ್ರಾಣಿಗಳಿಗೂ ನೋವಾಗುತ್ತದಾದ್ದರಿಂದ ಅವೂ ಲೆಕ್ಕಕ್ಕೆ ಬರಬೇಕೆಂದು 1789ರಷ್ಟು ಹಿಂದೆಯೇ ಬರೆದವನು ಅವನು. ಚಳ್ಳಕೆರೆಯ ಕಡತ ಅವನ ಮೇಜಿಗೆ ಬಂದಿದ್ದರೆ ಲೆಕ್ಕ ಅಪೂರ್ಣವೆಂದು ಷರಾ ಬರೆದು ಹಿಂದಿರುಗಿಸುತ್ತಿದ್ದನು.

ಆದುದರಿಂದ ಈ ಆಕ್ಷೇಪವು ನಿರ್ಣಯವನ್ನು ಕೆಡವುತ್ತದೆಯೇ ಹೊರತು ಸಿದ್ಧಾಂತವನ್ನಲ್ಲ. ಸಿದ್ಧಾಂತಕ್ಕೇ ತಾಕುವ ಆಕ್ಷೇಪ ಇನ್ನೊಂದಿದೆ. ಲೆಕ್ಕ ಪೂರ್ಣವಾಗಿಯೇ ನಡೆಯಿತೆನ್ನೋಣ. ಕುರಿ, ಕಂಬಳಿ, ಎರೆಭೂತಗಳೆಲ್ಲವನ್ನೂ ಸೇರಿಸಿದ ಮೇಲೆಯೂ ದೇಶದ ಲಾಭವೇ ಹೆಚ್ಚೆಂದು ಸಿದ್ಧವಾಯಿತೆನ್ನೋಣ. ಆಗಲೂ ಒಬ್ಬನ ನಷ್ಟವನ್ನು ಬೇರೊಬ್ಬನ ಲಾಭದಿಂದ ವಜಾ ಮಾಡುವ ಅಧಿಕಾರ ಎಲ್ಲಿಂದ ಬಂದಿತು? ನನ್ನ ಹಲ್ಲುನೋವನ್ನು ನಾನು ಸಹಿಸಿ ನಾಳೆಯ ಸುಖವನ್ನು ನಾನೇ ಅನುಭವಿಸುವುದು ಒಂದು ಮಾತು. ದೊಡ್ಡ ಉಳ್ಳಾರ್ತಿಯವನು ಸಹಿಸಿ ದೆಹಲಿಯವನು ಅನುಭವಿಸುವುದು ಬೇರೆಯೇ ಮಾತು. ಅಮೆರಿಕದ ಜಾನ್ ರಾಲ್ಸ್ 1971ರಲ್ಲಿ ಪ್ರಕಟಿಸಿದ ತಮ್ಮ ನ್ಯಾಯಸಿದ್ಧಾಂತದ ಗ್ರಂಥದಲ್ಲಿ ಲೋಕಹಿತವಾದದ ಮೇಲೆ ಹೊರಿಸಿದ ಮುಖ್ಯ ದೋಷ ಇದೇ: ಬೇರೆ ಬೇರೆ ಮನುಷ್ಯರನ್ನು ಅದು ಒಂದೇ ದೇಹದ ಅವಯವಗಳೆಂಬಂತೆ ಕಾಣುತ್ತದೆ. ಈ ಆಕ್ಷೇಪಕ್ಕೆ ಲೋಕಹಿತವಾದಿಗಳು ಕೊಟ್ಟಿರುವ ಉತ್ತರಗಳು ಅನೇಕವಾಗಿದ್ದರೂ ನನಗೆ ಅವುಗಳಲ್ಲಿ ಒಂದೂ ತೃಪ್ತಿಕರವಾಗಿ ತೋರಿಲ್ಲ.

ಹಾಗಾದರೆ ಬೇರೆಯವರ ಲಾಭಕ್ಕಾಗಿ ಒಬ್ಬನ ಹಕ್ಕನ್ನು ಮೀರಲಾಗದೆಂಬ ಹಕ್ಕಿನ ವಾದಕ್ಕೇ ಜಯವೆನ್ನೋಣವೆ? ಅಲ್ಲಿಯೂ ತಡೆಯುವುದು ಲೇಸು. ಪಕ್ಕದ ಹಿರಿಯೂರು ತಾಲ್ಲೂಕಿನಲ್ಲಿ 1898ರಿಂದ 1907ರವರೆಗೆ ಮಾರಿಕಣಿವೆಗೆ ಅಡ್ಡಲಾಗಿ ವಾಣೀವಿಲಾಸ ಸಾಗರವನ್ನು ಕಟ್ಟಿದಾಗ ಜನರ ಊರೂ ಹೊಲವೂ ನೀರಿನ ಕೆಳಗೆ ಹೋದವು. ಒಬ್ಬೊಬ್ಬನ ಹಕ್ಕೂ ಅಲಂಘ್ಯವೆಂದು ಅಂದಿನ ಮೈಸೂರು ಸರ್ಕಾರ ಕೈಕಟ್ಟಿ ಕುಳಿತಿದ್ದರೆ, ಹಿರಿಯೂರಿನ ತೋಟಗಳೆಲ್ಲಿ ಇರುತ್ತಿದ್ದವು? ಜಿಲ್ಲೆಯ ಊರುಗಳಿಗೆ ಕುಡಿಯುವ ನೀರು ಎಲ್ಲಿಂದ ಬರುತ್ತಿತ್ತು? ಆ ಅಣೆಕಟ್ಟೆಯನ್ನು ಒಡೆಯಿರೆಂದು ಹೇಳುವವನು ಇಂದು ಜಿಲ್ಲೆಯಲ್ಲಿ ಒಬ್ಬನೂ ಸಿಕ್ಕನು. ಹಕ್ಕಿನ ವಾದವನ್ನು ಎಲ್ಲ ಕಡೆಗೂ ಹರಿಯಬಿಟ್ಟರೆ ಕೆರೆ ಕಟ್ಟುವುದೂ ದಾರಿ ಹಾಕುವುದೂ ಅಧರ್ಮವಾಗಿ ಪರಿಣಮಿಸುತ್ತವೆ.

ಕಾಂಟನ ಮಾತಿಗೆ ಬಂದರೆ, ಮನುಷ್ಯನನ್ನು ಕೇವಲ ಸಾಧನವನ್ನಾಗಿ ಬಳಸದೆ ಸ್ವತಃ ಸಾಧ್ಯವೆಂದು ಕಾಣಬೇಕೆಂಬ ಅವನ 1785ರ ಸೂತ್ರವು ವಿವೇಚನಾಶಕ್ತಿಯುಳ್ಳ ಜೀವಿಗಳಿಗೆ ಮಾತ್ರ ಅನ್ವಯಿಸುತ್ತದೆ. ಮೂಕಪ್ರಾಣಿಗಳನ್ನು ಅದು ಮುಟ್ಟುವುದಿಲ್ಲ. ಈ ಅವ್ಯಾಪ್ತಿಗೆ ಪ್ರತ್ಯುತ್ತರವು ಪುಸ್ತಕಗಳಿಗಿಂತ ಮುಂಚೆ ಮೊಳಕಾಲ್ಮೂರು, ಚಳ್ಳಕೆರೆ ತಾಲ್ಲೂಕುಗಳ ಮ್ಯಾಸಬೇಡರ ಹಟ್ಟಿಗಳಲ್ಲಿ ಸಿಕ್ಕುತ್ತದೆ. ಅವರ ದೇವರ ಎತ್ತುಗಳಿಗೆ ನೊಗ ಹೂಡುವುದಿಲ್ಲ, ಅವುಗಳನ್ನು ಮಾರುವುದಿಲ್ಲ, ಸತ್ತರೆ ಮನುಷ್ಯರಿಗೆ ಮಾಡುವಂತೆ ಮಣ್ಣುಮಾಡುತ್ತಾರೆ, ಅವುಗಳನ್ನು ಕಾಯುವುದಕ್ಕೆಂದೇ ಕಿಲಾರಿಗಳೆಂಬವರಿದ್ದಾರೆ. ಯಾವೊಂದು ಕೆಲಸಕ್ಕೂ ಬಾರದ ಪ್ರಾಣಿಯೊಂದು ಇದ್ದರೆ ಸಾಕು, ಇರುವುದೇ ಅದರ ಯೋಗ್ಯತೆ ಎಂದು ಬಾಳಿ ತೋರಿಸಿದವರು ಇವರು. ಬರಗಾಲದಲ್ಲಿ ಈ ಎತ್ತುಗಳಿಗೆ ಮೇವು ಕೊಡಿರೆಂದು ಹಟ್ಟಿಗಳವರು ಸರ್ಕಾರವನ್ನು ಬೇಡಿದಾಗ, ದುಡಿಯುವ ಎತ್ತಿಗೇ ಇಲ್ಲದ ಮೇವು ದುಡಿಯದ ಎತ್ತಿಗೇಕೆ ಎಂಬ ಲೋಕಹಿತವಾದಿಯ ಪ್ರಶ್ನೆ ಏಳದಿರದು. ಪ್ರಶ್ನೆ ಒರಟಾಗಿದೆ, ಆದರೆ ಅಪ್ರಸ್ತುತವಲ್ಲ. ನನ್ನ ಮಟ್ಟಿಗೆ ಉತ್ತರವಿಷ್ಟು: ಆ ಎತ್ತುಗಳು ಸರ್ಕಾರದ ಮೇವಿಗೆ ಕೈಯೊಡ್ಡುವಂತಾದದ್ದಕ್ಕೆ ಬರವೊಂದೇ ಕಾರಣವಲ್ಲ, ಅವುಗಳ ಹುಲ್ಲುಗಾವಲು ಕಿರಿದಾದದ್ದೂ ಕಾರಣ.

ಇನ್ನು ಕಾವಲಿನ ಪರವಾಗಿ ಪದೇ ಪದೇ ಕೇಳಿಬರುವ ವಾದವು ರೂಢಿಯದು. ಅಜ್ಜಮುತ್ತಜ್ಜರ ಕಾಲದಿಂದ ನಮ್ಮ ಕುರಿ ಇಲ್ಲಿ ಮೇಯ್ದಿವೆ, ಆದ್ದರಿಂದ ಈ ನೆಲದಲ್ಲಿ ನಮಗೆ ಪಾಲುಂಟು ಎಂಬುದು ಅದರ ಸಾರ. ಪುರಾತನ ನಡವಳಿಕೆಯನ್ನೇ ಪ್ರಮಾಣವೆಂದ ಅಶೋಕನ ಶಾಸನವೂ ಇವರ ಬೆನ್ನಿಗಿದೆ. ಈ ವಾದವನ್ನು ಕೇಳಿದಾಗ ಮನಸ್ಸು ಒಲಿಯುತ್ತದೆ. ಆದರೆ ಒಲಿದ ಮನಸ್ಸು ಒಂದು ಗೊಲ್ಲರಹಟ್ಟಿಯ ಹೊರಗೆ ನಿಂತು ಮತ್ತೊಮ್ಮೆ ಯೋಚಿಸಬೇಕಾಗುತ್ತದೆ. ಮುಟ್ಟಾದ ಹೆಣ್ಣುಮಗಳನ್ನೂ ಹಸಿ ಬಾಣಂತಿಯನ್ನೂ ಹಟ್ಟಿಯ ಗಡಿಯಾಚೆಗೆ ಇರಿಸುವ ಪದ್ಧತಿ ಈ ಸೀಮೆಯ ಕಾಡುಗೊಲ್ಲರಲ್ಲಿ ಇನ್ನೂ ಪೂರ್ತಿ ಅಳಿದಿಲ್ಲ. ಅದೂ ಅಜ್ಜಮುತ್ತಜ್ಜರ ಕಾಲದ್ದೇ. ಮಳೆಗಾಲದ ರಾತ್ರಿ ಎಳೆಗೂಸಿನೊಡನೆ ಗುಡಿಸಲಲ್ಲಿ ಮಲಗಿದ ತಾಯಿಗೆ ರೂಢಿಯ ಪ್ರಾಮಾಣ್ಯವನ್ನು ಬೋಧಿಸುವ ಧೈರ್ಯ ಯಾವ ಮೀಮಾಂಸಕನಿಗಿದೆ? ಹುಲ್ಲಿನ ವಿಷಯದಲ್ಲಿ ರೂಢಿಯನ್ನು ಒಪ್ಪಿ, ಹೆಣ್ಣಿನ ವಿಷಯದಲ್ಲಿ ಅದನ್ನು ತಳ್ಳಿಹಾಕುವುದಾದರೆ, ಒಪ್ಪುವುದಕ್ಕೂ ತಳ್ಳುವುದಕ್ಕೂ ರೂಢಿಯಲ್ಲದ ಬೇರೊಂದು ಆಧಾರ ನಮ್ಮ ಬಳಿ ಇದೆಯೆಂದಾಯಿತು. ಆ ಆಧಾರವನ್ನೇ ನೇರವಾಗಿ ಮುಂದಿಡುವುದು ಪ್ರಾಮಾಣಿಕತೆ.

ಸರ್ಕಾರವು ಕೆಲವೆಡೆ ಇಂಥ ಹೆಂಗಸರಿಗೆಂದು ಹಟ್ಟಿಯ ಹೊರಗೆ ಗಟ್ಟಿಯಾದ ಕಟ್ಟಡಗಳನ್ನು ಕಟ್ಟಿಸಿಕೊಟ್ಟಿದೆ. ಸೂರು, ನೀರು, ಬಾಗಿಲಿಗೆ ಚಿಲಕ. ಇದರಿಂದ ಇಂದಿನ ಸಂಕಟ ಕಡಿಮೆಯಾಗುವುದು ನಿಶ್ಚಯ. ಆದರೆ ಹುಲ್ಲಿನ ಗುಡಿಸಲಿನಲ್ಲಿದ್ದ ಅನ್ಯಾಯಕ್ಕೆ ಸಾರ್ವಜನಿಕ ಹಣದಲ್ಲಿ ಸಿಮೆಂಟಿನ ತಳಪಾಯ ಹಾಕಿದಂತಾಯಿತೆಂಬುದೂ ಅಷ್ಟೇ ನಿಶ್ಚಯ. ಫಲವನ್ನು ನೋಡುವವನು ಕಟ್ಟಡ ಬೇಕೆನ್ನುತ್ತಾನೆ. ತತ್ತ್ವವನ್ನು ನೋಡುವವನು ಬೇಡವೆನ್ನುತ್ತಾನೆ. ಇಂದು ರಾತ್ರಿ ಹೊರಗೆ ಮಲಗಬೇಕಾದವಳು ಏನೆನ್ನುತ್ತಾಳೆಂದು ಕೇಳಿದವರು ವಿರಳ. ಇಲ್ಲಿ ಸಿದ್ಧಾಂತಗಳೆರಡೂ ಸಾಲವು ಎಂದು ಒಪ್ಪಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ. ಆದರೂ ಆಯ್ಕೆ ಮಾಡಲೇಬೇಕಾದರೆ, ಕಟ್ಟಡವನ್ನು ಕಟ್ಟಿ, ಹಟ್ಟಿಯೊಳಗಣ ಹಿರಿಯರೊಡನೆ ಜಗಳವನ್ನೂ ಮುಂದುವರಿಸಬೇಕೆನ್ನುವ ಪಕ್ಷ ನನ್ನದು.

ಚಳ್ಳಕೆರೆ ತಾಲ್ಲೂಕಿನದೇ ಆದ ನೀತಿಸೂತ್ರವೊಂದುಂಟು: ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯವರ ಹೆಸರಿನೊಡನೆ ಜನಜನಿತವಾಗಿರುವ ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತು. ಕೆರೆಗಳನ್ನು ಕಟ್ಟಿಸುವಾಗ ಆ ಮಹಾನುಭಾವರು ಒಬ್ಬೊಬ್ಬ ಕೂಲಿಗೂ ಅವನವನ ದುಡಿಮೆಗೆ ತಕ್ಕಷ್ಟೇ ಕೊಟ್ಟರೆಂಬುದು ಐತಿಹ್ಯ. ದುಡಿಮೆಗೆ ತಕ್ಕ ಫಲವೇ ನ್ಯಾಯವೆಂಬ ಈ ತತ್ತ್ವವು ಕೇಳಲು ಇಂಪಾದದ್ದು. ಆದರೆ ದುಡಿಯಲಾರದ ಮುದುಕಿಗೂ ಅಂಗವಿಕಲನಿಗೂ ಇದರಲ್ಲಿ ಏನು ಪಾಲು, ಬರದ ವರ್ಷ ದುಡಿದೂ ಬೆಳೆಯದ ರೈತನ ಪಾಡೇನು ಎಂಬ ಆಕ್ಷೇಪಗಳಿಗೆ ಅದರೊಳಗೆ ಸಮಾಧಾನವಿಲ್ಲ. ಹಾಗಿದ್ದರೂ ಕಾವಲಿನ ವಿವಾದಕ್ಕೆ ಈ ಅಳತೆಯನ್ನು ಹಿಡಿದು ನೋಡುವುದು ಬೋಧಪ್ರದ. ಚಂದ್ರನ ಮೇಲೆ ನೌಕೆ ಇಳಿದ 2023ರ ಆಗಸ್ಟ್ 23ರ ಸಂಜೆ ದೇಶವೆಲ್ಲ ಸಂಭ್ರಮಿಸಿತಷ್ಟೆ? ಆ ಸಂಭ್ರಮಕ್ಕೆ ನೆಲ ಕೊಟ್ಟವರ ಹಳ್ಳಿಗಳಿಗೆ ಸಿಕ್ಕ ಭಿಕ್ಷೆ, ಅವರು ಕೊಟ್ಟಷ್ಟಿತ್ತೆ?

ಇಷ್ಟು ಆಕ್ಷೇಪಗಳನ್ನು ಕೇಳಿದವರು, ನಿರ್ದುಷ್ಟವಾದ ನೀತಿಸಿದ್ಧಾಂತವೇ ಇಲ್ಲವಾದ್ದರಿಂದ ಯಾರು ಏನು ಮಾಡಿದರೂ ಸರಿಯೆಂದು ತೀರ್ಮಾನಿಸುವ ಅಪಾಯವುಂಟು. ಹಾಗೆ ತೀರ್ಮಾನಿಸುವುದು ಸೋಮಾರಿತನ. ನಮ್ಮ ಶಾಸ್ತ್ರಕಾರರು ತಮ್ಮ ಮತವನ್ನು ಸ್ಥಾಪಿಸುವ ಮುನ್ನ ಎದುರಾಳಿಯ ಮತವನ್ನು ಪೂರ್ವಪಕ್ಷವಾಗಿ, ಅವನೇ ತಲೆದೂಗುವಂತೆ, ನಿರೂಪಿಸುತ್ತಿದ್ದರು. ಆಮೇಲೆ ಖಂಡನ, ಕೊನೆಗೆ ಸಿದ್ಧಾಂತ. ಈ ಕ್ರಮವನ್ನು ಬರಿಯ ವಾಕ್ಯಾರ್ಥಗೋಷ್ಠಿಯ ಶಿಷ್ಟಾಚಾರವೆಂದು ತಿಳಿಯಬಾರದು. ಆಕ್ಷೇಪಿಸುವವನನ್ನು ಸಾಧನವೆಂದೆಣಿಸದೆ ಸಮಾನನೆಂದು ಗೌರವಿಸುವ ನೀತಿಯೇ ಅದರೊಳಗಿದೆ. ಲೆಕ್ಕದಲ್ಲಿ ಬಿಟ್ಟುಹೋದದ್ದನ್ನು ತುಂಬಿಕೊಳ್ಳಲು ಅದಕ್ಕಿಂತ ಒಳ್ಳೆಯ ಉಪಾಯವೂ ಇಲ್ಲ. ರೂಢಿಯಲ್ಲಿ ಇಟ್ಟುಕೊಳ್ಳತಕ್ಕದ್ದು ಯಾವುದು, ಬಿಡತಕ್ಕದ್ದು ಯಾವುದೆಂಬುದು ಹೊರಬೀಳುವುದೂ ಅಲ್ಲಿಯೇ. ಚಳ್ಳಕೆರೆಯಲ್ಲಿ ಈ ಕ್ರಮ ತಲೆಕೆಳಗಾಯಿತು. ಮೊದಲು ಮಂಜೂರಾತಿ, ಆಮೇಲೆ ಗೋಡೆ. ಅದಾದ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದ ಮುಂದೆ ದಾವೆ, ಸ್ಥಳಪರಿಶೀಲನೆ, 2014ರ ಆಗಸ್ಟ್‌ನಲ್ಲಿ ತೀರ್ಪು. ತೀರ್ಪಿನ ಬಳಿಕ ಪರೀಕ್ಷಾಂಗಣದ ಕೆಲಸ ನಿಲ್ಲಲಿಲ್ಲ. ಸಿದ್ಧಾಂತವನ್ನು ಸ್ಥಾಪಿಸಿ ಸುತ್ತಲೂ ಗೋಡೆ ಹಾಕಿದ ಮೇಲೆ ಕೇಳಿದ ಪೂರ್ವಪಕ್ಷವು ಎಷ್ಟು ಸಬಲವಾಗಿದ್ದರೂ ಅರಣ್ಯರೋದನವೇ.

ಅಮೃತಮಹಲ್ ಕಾವಲನ್ನು ಹಂಚಿದ ಬಗೆ ಅನ್ಯಾಯವಾದದ್ದೆಂಬುದು ನನ್ನ ನಿರ್ಣಯ. ಅಲ್ಲಿ ನಡೆಯುತ್ತಿರುವ ವಿಜ್ಞಾನವು ವ್ಯರ್ಥವೆಂದು ಇದಕ್ಕೆ ಅರ್ಥವಲ್ಲ. ಆದದ್ದನ್ನು ಕೆಡವಬೇಕೆಂದು ನಾನು ಕೇಳುತ್ತಿಲ್ಲ. ಆದರೆ ಮುಂದೆ ಕಾವಲಿನ ಒಂದು ಎಕರೆಯನ್ನಾದರೂ ಯಾರಿಗಾದರೂ ಕೊಡುವ ಮುನ್ನ, ಅಲ್ಲಿ ಮೇಯಿಸುವವರ ಗ್ರಾಮಸಭೆಯನ್ನು ಜಿಲ್ಲಾಡಳಿತವು ಕರೆಯತಕ್ಕದ್ದು. ಬಂದ ಆಕ್ಷೇಪಗಳನ್ನೂ ಅವುಗಳಿಗೆ ತಾನು ಕೊಡುವ ಉತ್ತರಗಳನ್ನೂ ಕನ್ನಡದಲ್ಲಿ ಅಚ್ಚುಮಾಡಿಸಿ ಪಂಚಾಯಿತಿ ಕಚೇರಿಯಲ್ಲಿ ಎಲ್ಲರಿಗೂ ಓದಲು ಸಿಕ್ಕುವಂತೆ ಇರಿಸತಕ್ಕದ್ದು. ಈಗಾಗಲೇ ಕಟ್ಟಿರುವ ಗೋಡೆಗಳೊಳಗೆ ಬಳಕೆಗೆ ಬಾರದ ಹುಲ್ಲುನೆಲವಿದ್ದಲ್ಲಿ, ಬೇಸಗೆಯ ತಿಂಗಳುಗಳಲ್ಲಿ ಗುರುತುಚೀಟಿಯ ಮೇಲೆ ಕುರಿಗಳಿಗೂ ದೇವರ ಎತ್ತುಗಳಿಗೂ ಅದನ್ನು ತೆರೆದುಕೊಡುವ ಬಗ್ಗೆ ಆಯಾ ಸಂಸ್ಥೆಗಳು ಬರುವ ಬೇಸಗೆಯೊಳಗೇ ನಿಶ್ಚಯಿಸಬೇಕೆಂದು ಕೋರುತ್ತೇನೆ.